ಡೇರಿ ತ್ಯಾಜ್ಯನೀರಿಗೆ ಮೆಂಬ್ರೇನ್ ಫಿಲ್ಟರ್: ಚರಂಡಿಯಿಂದ ಮರುಬಳಕೆಯವರೆಗೆ, ಹಂತ ಹಂತವಾಗಿ

ಮೆಂಬ್ರೇನ್, ಅಂದರೆ ಅತಿ ಸಣ್ಣ ರಂಧ್ರಗಳ ಪೊರೆ, ಕೊಳೆಯನ್ನು ನಾಶ ಮಾಡುವುದಿಲ್ಲ. ಒಂದು ನೀರನ್ನು ಎರಡು ಮಾಡುತ್ತದೆ, ಅಷ್ಟೆ. ಒಂದು ಕಡೆ ತಿಳಿನೀರು, ಇನ್ನೊಂದು ಕಡೆ ಕೊಳೆಯೆಲ್ಲ ಸೇರಿಕೊಂಡ ಗಟ್ಟಿ ನೀರು. ತಿಳಿನೀರಿನ ಬಗ್ಗೆ ಎಲ್ಲರೂ ಉತ್ಸಾಹದಿಂದ ಮಾತಾಡುತ್ತಾರೆ. ಆ ಗಟ್ಟಿ ನೀರು ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಮಾತ್ರ ಮಾತು ನಿಲ್ಲುತ್ತದೆ. ಡೇರಿಯಲ್ಲಿ ಮೆಂಬ್ರೇನ್ ಹಾಕುವ ಯೋಚನೆ ಇದ್ದರೆ ಈ ಪ್ರಶ್ನೆಯಿಂದಲೇ ಶುರು ಮಾಡಿ. ಯಾವ ಮೆಂಬ್ರೇನ್, ಎಷ್ಟು ದೊಡ್ಡದು, ಎಲ್ಲಿ ಕೂರಿಸಬೇಕು ಎಲ್ಲವೂ ಇದರ ಉತ್ತರದ ಮೇಲೆ ನಿಂತಿದೆ.

ಡೇರಿಯ ಇಟಿಪಿ (ತ್ಯಾಜ್ಯನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುವವರಿಗೆ, ಹೊಸದಾಗಿ ಪ್ಲಾಂಟ್ ಹಾಕಿಸುವವರಿಗೆ, ಈ ವಿಷಯ ಓದುತ್ತಿರುವವರಿಗೆ ಅಂತ ಇದನ್ನು ಬರೆದಿದ್ದೇನೆ. ಬಿಓಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾದ ಆಮ್ಲಜನಕ), ಸಿಓಡಿ (ಅದೇ ಕೊಳೆಯನ್ನು ಕೆಮಿಕಲ್‌ನಿಂದ ಉತ್ಕರ್ಷಿಸಲು ಬೇಕಾದ ಆಮ್ಲಜನಕ), ಪಿಎಚ್ (ಆಮ್ಲ-ಕ್ಷಾರದ ಅಳತೆ) ಅಂದರೆ ಏನು ಅಂತ ಗೊತ್ತಿದ್ದರೆ ಸಾಕು.

ಹಂತ 1: ಚರಂಡಿಗೆ ಏನು ಹೋಗುತ್ತಿದೆ ಅಂತ ನೋಡಿ

ಡೇರಿ ತ್ಯಾಜ್ಯನೀರು ಅಂದರೆ ಬಹುಪಾಲು ನೀರು ಬೆರೆತ ಹಾಲೇ. ಜೊತೆಗೆ ತೊಳೆಯಲು ಬಳಸಿದ ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್ ಕ್ಷಾರ), ಆಸಿಡ್, ಸ್ಯಾನಿಟೈಸರ್. ಹಾಲಿನ ಬಿಓಡಿ ಲೀಟರಿಗೆ ಸುಮಾರು 1,00,000 ಮಿಲಿಗ್ರಾಂ. ಅಂದರೆ 1,000 ಲೀಟರ್ ನೀರಿಗೆ ಒಂದೇ ಒಂದು ಲೀಟರ್ ಹಾಲು ಬಿದ್ದರೂ ಬಿಓಡಿ 100ರಷ್ಟು ಏರುತ್ತದೆ. ಪನೀರ್, ಚೀಸ್ ಮಾಡಿದ ಮೇಲೆ ಉಳಿಯುವ ವೇ ನೀರಿನದು 30,000ದಿಂದ 50,000.

ಈಗ ಒಂದು ಲೆಕ್ಕ ಹಾಕೋಣ. ದಿನಕ್ಕೆ 200 ಘನ ಮೀಟರ್ ತ್ಯಾಜ್ಯನೀರು, ಬಿಓಡಿ 1,500 ಅಂದುಕೊಳ್ಳಿ. ದಿನಕ್ಕೆ 300 ಕಿಲೋ ಬಿಓಡಿ ಆಯಿತು. ಅದು 3,000 ಲೀಟರ್ ಹಾಲಿಗೆ ಸಮ! ಅಷ್ಟೂ ಹಾಲಿನಿಂದಲೇ ಬಂದಿರುವುದಿಲ್ಲ, ತೊಳೆಯುವ ಕೆಮಿಕಲ್‌ಗಳ ಪಾಲೂ ಸ್ವಲ್ಪ ಇರುತ್ತದೆ. ಆದರೂ ಈ ಸಂಖ್ಯೆಯನ್ನು ಒಮ್ಮೆ ಪ್ರೊಡಕ್ಷನ್ ಮ್ಯಾನೇಜರ್ ಮುಂದೆ ಇಡಿ. ಸೋರುವ ವಾಲ್ವ್, ತುಂಬಿ ಚೆಲ್ಲುವ ಸೈಲೋ, ಪೂರ್ತಿ ಬಸಿಯದೆ ತೊಳೆಯುವ ಟ್ಯಾಂಕರ್ ಇವೆಲ್ಲ ಅವರ ಕಣ್ಣಿಗೆ ಆಗ ಬೀಳುತ್ತವೆ. ಮೆಂಬ್ರೇನ್‌ಗೆ ಖರ್ಚು ಮಾಡುವ ಮೊದಲು ಇದನ್ನು ಸರಿಮಾಡಿದರೆ ಪ್ಲಾಂಟೇ ಚಿಕ್ಕದಾಗುತ್ತದೆ.

ಸ್ಯಾಂಪಲ್ ತೆಗೆಯುವಾಗ ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿದರೆ ಪ್ರಯೋಜನವಿಲ್ಲ. ಡೇರಿಯಲ್ಲಿ ನೀರು ಗಂಟೆಗೊಂದು ಥರ ಇರುತ್ತದೆ. ಕಾಸ್ಟಿಕ್ ಬಿಟ್ಟಾಗ ಪಿಎಚ್ 12, ಆಸಿಡ್ ಬಿಟ್ಟಾಗ 2. ಹಾಗಾಗಿ 24 ಗಂಟೆಯೂ ಗಂಟೆಗೊಂದು ಸ್ಯಾಂಪಲ್ ತೆಗೆದು, ಆ ಗಂಟೆಯ ಹರಿವಿಗೆ ತಕ್ಕಷ್ಟು ಪಾಲು ಹಾಕಿ ಬೆರೆಸಬೇಕು. ಬಾಟಲಿಗಳನ್ನು 4 ಡಿಗ್ರಿಯಲ್ಲಿ ಇಡಿ. ಹೊರಗಿಟ್ಟರೆ ಲ್ಯಾಕ್ಟೋಸ್ ಹುಳಿಯಾಗಿ ಲೆಕ್ಕವೇ ತಪ್ಪುತ್ತದೆ. ಕನಿಷ್ಠ ಒಂದು ವಾರ ಹೀಗೆ ಮಾಡಿ, ಯಾಕೆಂದರೆ ಭಾನುವಾರದ ನೀರೇ ಬೇರೆ, ದೊಡ್ಡ ಕ್ಲೀನಿಂಗ್ ದಿನದ ನೀರೇ ಬೇರೆ. ಬಿಓಡಿ, ಸಿಓಡಿ ಜೊತೆಗೆ ಎಣ್ಣೆ-ಜಿಡ್ಡು, ತೇಲುವ ಕಣ, ಒಟ್ಟು ನೈಟ್ರೋಜನ್, ರಂಜಕ, ಕ್ಯಾಲ್ಸಿಯಂ, ಕ್ಲೋರೈಡ್, ಟಿಡಿಎಸ್ (ಕರಗಿದ ಒಟ್ಟು ಲವಣ), ತಾಪಮಾನ ಇಷ್ಟೂ ಬೇಕು. ಆರ್‌ಓ (ಉಪ್ಪನ್ನೂ ತಡೆಯುವ ಮೆಂಬ್ರೇನ್) ಯೋಚನೆ ಇದ್ದರೆ ಕ್ಯಾಲ್ಸಿಯಂ, ರಂಜಕವನ್ನು ಬಿಡಲೇಬೇಡಿ. ಕಾರಣ ಮುಂದೆ ಬರುತ್ತದೆ.

ಹಂತ 2: ಎಲ್ಲವನ್ನೂ ಒಂದೇ ಗುಂಡಿಗೆ ಸುರಿಯಬೇಡಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಇರುವುದು ಈ ಹಂತದಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ, ಏಕೆಂದರೆ ಪೈಪ್ ಬದಲಿಸಬೇಕಾಗುತ್ತದೆ.

ಸಿಐಪಿ (ಟ್ಯಾಂಕ್, ಪೈಪ್ ಬಿಚ್ಚದೆ ಒಳಗೇ ತೊಳೆಯುವುದು) ಶುರುವಾದಾಗ ಡ್ರೈನ್ ಪಕ್ಕ ನಿಂತು ನೋಡಿ. ಮೊದಲು ಬರುವುದು ಅಚ್ಚ ಬಿಳಿ ನೀರು, ಹಾಲಿನಷ್ಟೇ ದಟ್ಟ. ಸ್ವಲ್ಪ ಹೊತ್ತಿಗೆ ತಿಳಿ ಬಿಳುಪು, ಆಮೇಲೆ ಹೆಚ್ಚುಕಡಿಮೆ ಪಾರದರ್ಶಕ. ಒಂದು ಟ್ಯಾಂಕ್ ತೊಳೆದಾಗ ಹೋಗುವ ಹಾಲಿನ ದೊಡ್ಡ ಪಾಲು ಆ ಮೊದಲ ನೀರಿನಲ್ಲೇ ಇದೆ. ಆ ಪೈಪಿಗೆ ಒಂದು ಟರ್ಬಿಡಿಟಿ (ನೀರಿನ ಮಬ್ಬು) ಅಳೆಯುವ ಸೆನ್ಸರ್, ಒಂದು ಮೂರು-ದಾರಿ ವಾಲ್ವ್ ಹಾಕಿದರೆ ಬಿಳಿ ನೀರನ್ನು ಬೇರೆ ಟ್ಯಾಂಕಿಗೆ ತಿರುಗಿಸಬಹುದು. ಅದರಲ್ಲಿ ಇನ್ನೂ ಕೆಮಿಕಲ್ ಬೆರೆತಿಲ್ಲ. ಅದನ್ನು ತಂಪಾಗಿಟ್ಟು ಆರ್‌ಓ ಅಥವಾ ಅಲ್ಟ್ರಾಫಿಲ್ಟ್ರೇಶನ್‌ನಲ್ಲಿ ಗಟ್ಟಿ ಮಾಡಿದರೆ ಹಾಲಿನ ಅಂಶ ವಾಪಸ್ ಸಿಗುತ್ತದೆ. ಪಶು ಆಹಾರಕ್ಕೋ ಬಯೋಗ್ಯಾಸಿಗೋ ಕೊಡಬಹುದು.

ವೇ ನೀರನ್ನಂತೂ ಇಟಿಪಿ ಕಡೆ ಬಿಡಲೇಬಾರದು. ಅದು ಕಚ್ಚಾವಸ್ತು, ತ್ಯಾಜ್ಯವಲ್ಲ. ಮೆಂಬ್ರೇನ್ ಡೇರಿಗೆ ಕಾಲಿಟ್ಟಿದ್ದೇ ವೇ ಪ್ರೋಟೀನ್ ಹಿಡಿಯುವ ಕೆಲಸಕ್ಕೆ, 1970ರ ದಶಕದ ಆರಂಭದಲ್ಲಿ. ತ್ಯಾಜ್ಯನೀರಿನ ಕೆಲಸ ಆಮೇಲೆ ಬಂದದ್ದು.

ಬಳಸಿದ ಕಾಸ್ಟಿಕ್ ಇನ್ನೊಂದು ಪ್ರತ್ಯೇಕ ಧಾರೆ. ಕ್ಷಾರ ತಡೆಯುವ ನ್ಯಾನೋಫಿಲ್ಟ್ರೇಶನ್ ಮೆಂಬ್ರೇನ್ ಇದಕ್ಕೆಂದೇ ಸಿಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಅದರ ಮೂಲಕ ಹಾದುಹೋಗುತ್ತದೆ, ಕರಗಿದ ಪ್ರೋಟೀನ್, ಜಿಡ್ಡು ಹಿಂದೆ ಉಳಿಯುತ್ತವೆ. ತಿಳಿ ಕಾಸ್ಟಿಕ್ ಮತ್ತೆ ಸಿಐಪಿಗೆ ಹೋಗುತ್ತದೆ. ಕಾಸ್ಟಿಕ್ ಬಳಕೆ ದೊಡ್ಡದಿರುವ ಡೇರಿಗೆ ಇದು ಲೆಕ್ಕಕ್ಕೆ ಬರುತ್ತದೆ, ಚಿಕ್ಕದಕ್ಕೆ ಬರುವುದಿಲ್ಲ.

ಹಾಲಿನ ಪುಡಿ ಮಾಡುವ ಕಡೆ ಇವಾಪೊರೇಟರ್ ಕಂಡೆನ್ಸೇಟ್ (ಹಾಲಿನಿಂದ ಆವಿಯಾಗಿ ಮತ್ತೆ ತಣಿದ ನೀರು) ಇರುತ್ತದೆ. ಅದು ಮೊದಲೇ ಸಾಕಷ್ಟು ಶುದ್ಧ. ಅದನ್ನು ಕೊಳೆನೀರಿಗೆ ಬೆರೆಸಿ ಮತ್ತೆ ಶುದ್ಧ ಮಾಡುವುದು ಸುಮ್ನೆ ದಂಡ. ನೇರವಾಗಿ ಆರ್‌ಓಗೆ ಕೊಡಿ.

ಹಂತ 3: ಯಾವ ಮೆಂಬ್ರೇನ್?

ನಾಲ್ಕು ಬಗೆ ಇವೆ. ಮೈಕ್ರೋಫಿಲ್ಟ್ರೇಶನ್ (ಎಂಎಫ್) ರಂಧ್ರ ಸುಮಾರು 0.1 ಮೈಕ್ರಾನ್‌ನಿಂದ ಮೇಲಕ್ಕೆ. ಅಲ್ಟ್ರಾಫಿಲ್ಟ್ರೇಶನ್ (ಯುಎಫ್) ಸುಮಾರು 0.002ರಿಂದ 0.1 ಮೈಕ್ರಾನ್. ನ್ಯಾನೋಫಿಲ್ಟ್ರೇಶನ್ ಸುಮಾರು 200 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳನ್ನು ತಡೆಯುತ್ತದೆ. ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಓ, ಉಪ್ಪನ್ನೂ ತಡೆಯುತ್ತದೆ. ಒತ್ತಡವೂ ಅದೇ ಕ್ರಮದಲ್ಲಿ ಏರುತ್ತದೆ. ಮೊದಲನೆಯದಕ್ಕೆ 1-2 ಬಾರ್ ಸಾಕು. ಆರ್‌ಓಗೆ ತ್ಯಾಜ್ಯನೀರಿನಲ್ಲಿ 10ರಿಂದ 40 ಬಾರ್ ಬೇಕಾಗಬಹುದು.

ಇದನ್ನು ಹಾಲಿನ ಅಂಶಗಳ ಪಕ್ಕ ಇಟ್ಟು ನೋಡಿ. ಕೊಬ್ಬಿನ ಗೋಲಿಗಳು ಸರಾಸರಿ 3-4 ಮೈಕ್ರಾನ್. ಕೇಸಿನ್ ಕಣಗಳು 0.05ರಿಂದ 0.5 ಮೈಕ್ರಾನ್. ವೇ ಪ್ರೋಟೀನ್ ಇನ್ನೂ ಚಿಕ್ಕದು, ಅದರಲ್ಲಿ ಮುಖ್ಯವಾದ ಬೀಟಾ-ಲ್ಯಾಕ್ಟೋಗ್ಲೋಬುಲಿನ್ ಸುಮಾರು 18,000 ಡಾಲ್ಟನ್. ಲ್ಯಾಕ್ಟೋಸ್ ಬರೀ 342 ಡಾಲ್ಟನ್.

ಇಲ್ಲೇ ಹಲವರು ಎಡವುವುದು. ಅಲ್ಟ್ರಾಫಿಲ್ಟ್ರೇಶನ್‌ನಿಂದ ಬಂದ ನೀರು ಗಾಜಿನಷ್ಟು ತಿಳಿಯಾಗಿ ಕಾಣುತ್ತದೆ. ಕೊಬ್ಬು, ಪ್ರೋಟೀನ್ ಹೋಗಿದೆ. ಆದರೆ ಲ್ಯಾಕ್ಟೋಸ್ ಅಷ್ಟೂ ಅದರಲ್ಲೇ ಇದೆ. 1 ಕಿಲೋ ಲ್ಯಾಕ್ಟೋಸ್ ಅಂದರೆ ಸುಮಾರು 1.1 ಕಿಲೋ ಸಿಓಡಿ. ಹಾಗಾಗಿ ಕಣ್ಣಿಗೆ ಶುದ್ಧವಾಗಿದ್ದರೂ ಹೊರಗೆ ಬಿಡುವ ಮಿತಿಯೊಳಗೆ ಅದು ಬರುವುದೇ ಇಲ್ಲ. ಬರೀ ಯುಎಫ್ ಹಾಕಿ ತ್ಯಾಜ್ಯನೀರು ಶುದ್ಧ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ, ಲ್ಯಾಕ್ಟೋಸ್ ಎಲ್ಲಿ ಹೋಗುತ್ತೆ ಸ್ವಾಮಿ ಅಂತ ಕೇಳಿ.

ಲ್ಯಾಕ್ಟೋಸನ್ನು ತಿನ್ನಲು ಬ್ಯಾಕ್ಟೀರಿಯಾ ಬೇಕು. ಆದ್ದರಿಂದ ಎಲ್ಲ ಬೆರೆತ ಸಾಮಾನ್ಯ ಡೇರಿ ತ್ಯಾಜ್ಯಕ್ಕೆ ನನ್ನ ಮೊದಲ ಆಯ್ಕೆ ಎಂಬಿಆರ್. ಅಂದರೆ ಗಾಳಿ ಊದುವ ಜೈವಿಕ ಟ್ಯಾಂಕ್, ಅದರೊಳಗೋ ಪಕ್ಕದಲ್ಲೋ ಮುಳುಗಿಸಿಟ್ಟ ಯುಎಫ್ ಅಥವಾ ಎಂಎಫ್ ಮೆಂಬ್ರೇನ್. ಕೊಳೆ ತಿನ್ನುವುದು ಬ್ಯಾಕ್ಟೀರಿಯಾ, ಬೇರ್ಪಡಿಸುವುದು ಮೆಂಬ್ರೇನ್. ಡೇರಿ ಇಟಿಪಿ ನಡೆಸಿದವರಿಗೆ ಇನ್ನೊಂದು ಕಾರಣವೂ ಗೊತ್ತಿರುತ್ತದೆ. ಸಕ್ಕರೆ ಜಾಸ್ತಿ ಇರುವ ಈ ನೀರಿನಲ್ಲಿ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದು, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಕ್ಲಾರಿಫೈಯರ್‌ನಲ್ಲಿ, ಅಂದರೆ ಕೆಸರು ಕೂರಿಸುವ ಟ್ಯಾಂಕ್‌ನಲ್ಲಿ, ಕೆಳಗೆ ಕೂರದೆ ಮೇಲೆ ತೇಲಿ ಹೊರಟುಹೋಗುತ್ತದೆ. ಎಂಬಿಆರ್‌ನಲ್ಲಿ ಸ್ಲಡ್ಜ್ ಕೂರಲೇಬೇಕು ಅಂತಿಲ್ಲ. ನೀರು ಮರುಬಳಕೆ ಮಾಡಬೇಕೆಂದರೆ ಎಂಬಿಆರ್ ಆದ ಮೇಲೆ ಆರ್‌ಓ.

ವಸ್ತುವಿನ ಬಗ್ಗೆ ಒಂದೆರಡು ಮಾತು. ಎಂಬಿಆರ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್. ಅದು ಕ್ಲೋರಿನ್ ತಡೆಯುತ್ತದೆ, ಬಲವಾದ ಕಾಸ್ಟಿಕ್ ತಡೆಯುವುದಿಲ್ಲ. ಆರ್‌ಓದ ಪಾಲಿಅಮೈಡ್ ಇದಕ್ಕೆ ತದ್ವಿರುದ್ಧ. ಕ್ಷಾರ ಸಾಕಷ್ಟು ತಡೆಯುತ್ತದೆ, ಕ್ಲೋರಿನ್ ತಗುಲಿದರೆ ಹಾಳು. ಸೆರಾಮಿಕ್ ಮೆಂಬ್ರೇನ್ ಬಿಸಿ, ಆಸಿಡ್, ಕಾಸ್ಟಿಕ್ ಎಲ್ಲವನ್ನೂ ತಡೆಯುತ್ತದೆ, ಬೆಲೆ ಮಾತ್ರ ಬಹಳ ಹೆಚ್ಚು. ಬಿಸಿ ಸಿಐಪಿ ನೀರಿನಂಥ ಸಣ್ಣ, ಕಠಿಣ ಧಾರೆಗೆ ಅದನ್ನು ಮೀಸಲಿಡಿ.

ಹಂತ 4: ಮೆಂಬ್ರೇನ್‌ಗೆ ಮೊದಲಿನ ಕೆಲಸ

ಮೆಂಬ್ರೇನ್ ಬೇಗ ಕಟ್ಟಿಕೊಂಡಿತು ಅಂತ ದೂರು ಬಂದಾಗ ಮೆಂಬ್ರೇನನ್ನು ನೋಡಬೇಡಿ. ಅದರ ಹಿಂದಿನ ಟ್ಯಾಂಕ್‌ಗಳನ್ನು ನೋಡಿ.

ಮೊದಲು ಜರಡಿ. ಕೂದಲೆಳೆಯಂಥ ಹಾಲೋ ಫೈಬರ್ ಮೆಂಬ್ರೇನ್‌ಗೆ 1ರಿಂದ 2 ಮಿಲಿಮೀಟರ್ ಜರಡಿ ಬೇಕು, ಅದೂ ಉದ್ದ ಸೀಳಿನದಲ್ಲ, ಗುಂಡು ರಂಧ್ರದ್ದು. ಕೂದಲು, ಪ್ಯಾಕಿಂಗ್ ಚೂರು, ಒರೆಸುವ ಬಟ್ಟೆಯ ನೂಲು ಇವು ಉದ್ದ ಸೀಳಿನಲ್ಲಿ ನುಸುಳಿ ಹೋಗುತ್ತವೆ. ಒಳಗೆ ಹೋಗಿ ಫೈಬರ್‌ಗಳ ನಡುವೆ ಜಡೆಯಂತೆ ಹೆಣೆದುಕೊಳ್ಳುತ್ತವೆ. ಆ ಜಡೆಯನ್ನು ಕೆಮಿಕಲ್ ಕರಗಿಸುವುದಿಲ್ಲ. ಮಾಡ್ಯೂಲ್ ಎತ್ತಿ ಕೈಯಲ್ಲೇ ಬಿಡಿಸಬೇಕು.

ಆಮೇಲೆ ಜಿಡ್ಡು. ಎಂಬಿಆರ್‌ಗೆ ಹೋಗುವ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 100 ಮಿಲಿಗ್ರಾಂ ದಾಟಬಾರದು, 50ರೊಳಗಿದ್ದರೆ ನೆಮ್ಮದಿ. ಸಾದಾ ಗ್ರೀಸ್ ಟ್ರ್ಯಾಪ್ ತೇಲುವ ಬೆಣ್ಣೆಯನ್ನು ಮಾತ್ರ ಹಿಡಿಯುತ್ತದೆ. ಹಾಲಿನಲ್ಲಿ ಬೆರೆತೇ ಇರುವ ಕೊಬ್ಬು, ಅದರಲ್ಲೂ ಹೋಮೋಜಿನೈಸ್ ಆದದ್ದು, ತಾನಾಗಿ ತೇಲುವುದಿಲ್ಲ. ಅದಕ್ಕೆ ಸಣ್ಣ ಗಾಳಿಗುಳ್ಳೆಗಳಿಂದ ಮೇಲೆತ್ತುವ ಡಿಎಎಫ್ ಬೇಕು. ಕೇಸಿನ್ ಪಿಎಚ್ 4.6ರಲ್ಲಿ ಒಡೆಯುತ್ತದೆ, ಅಲ್ವಾ? ಹಾಗಾಗಿ ಡಿಎಎಫ್‌ನಲ್ಲಿ ಪಿಎಚ್ 4.5ರಿಂದ 5ರ ಆಸುಪಾಸಿಗೆ ಇಳಿಸಿದರೆ ಪ್ರೋಟೀನ್ ಕಡಿಮೆ ಕೆಮಿಕಲ್‌ನಲ್ಲೇ ಕೊಬ್ಬಿನ ಜೊತೆ ಮೇಲೆ ಬರುತ್ತದೆ. ಆಮೇಲೆ ಪಿಎಚ್ ಮತ್ತೆ 7ರ ಹತ್ತಿರ ತರುವುದನ್ನು ಮರೆಯಬೇಡಿ.

ಡಿಎಎಫ್‌ಗೆ ಮುಂಚೆ ಸಮತೋಲನ ಟ್ಯಾಂಕ್ ಇರಬೇಕು, 12ರಿಂದ 24 ಗಂಟೆಯ ನೀರು ಹಿಡಿಯುವಷ್ಟು. ಆಸಿಡ್, ಕಾಸ್ಟಿಕ್ ಪರಸ್ಪರ ಸರಿದೂಗುವುದು ಇಲ್ಲೇ. ಆದರೆ ಕಲಕದೆ ಬಿಟ್ಟರೆ ಲ್ಯಾಕ್ಟೋಸ್ ಲ್ಯಾಕ್ಟಿಕ್ ಆಸಿಡ್ ಆಗಿ, ಟ್ಯಾಂಕ್‌ನಲ್ಲೇ ಹಾಲು ಒಡೆದು, ಗಬ್ಬು ನಾತ ಹೊಡೆಯುತ್ತದೆ. ಮಿಕ್ಸರ್ ಅಥವಾ ಗಾಳಿ ಬೇಕೇ ಬೇಕು.

ಇನ್ನು ಕಣ್ಣಿಗೆ ಕಾಣದ ಮೂರು ಶತ್ರುಗಳು. ಒಂದು, ಸಿಲಿಕೋನ್ ಇರುವ ನೊರೆನಾಶಕ. ಮೆಂಬ್ರೇನ್ ಮೇಲೆ ಕೂತರೆ ತೊಳೆದರೂ ಹೋಗುವುದು ಕಷ್ಟ. ಎರಡು, ಕ್ವಾಟರ್ನರಿ ಅಮೋನಿಯಂ ಸ್ಯಾನಿಟೈಸರ್. ಇದು ಧನ ವಿದ್ಯುದಂಶದ್ದು, ಪಾಲಿಅಮೈಡ್ ಋಣ ವಿದ್ಯುದಂಶದ್ದು. ಎರಡೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಮೂರು, ಡಿಎಎಫ್‌ಗೆ ಮಿತಿಮೀರಿ ಸುರಿದ ಕ್ಯಾಟಯಾನಿಕ್ ಪಾಲಿಮರ್. ಅದೂ ಹೀಗೇ ಅಂಟುತ್ತದೆ. ಹಾಗಾಗಿ ಪ್ರೊಡಕ್ಷನ್ ಕಡೆಯವರು ಹೊಸ ಸ್ಯಾನಿಟೈಸರ್ ತರಿಸುವ ಮುಂಚೆ ಇಟಿಪಿಯವರನ್ನು ಕೇಳಬೇಕು ಅನ್ನುವ ನಿಯಮ ಮಾಡಿಸಿ. ಒಂದು ಹಾಳೆಯ ನಿಯಮ, ಒಂದು ಸೆಟ್ ಮೆಂಬ್ರೇನ್ ಉಳಿಸುತ್ತದೆ.

ಹಂತ 5: ಅಳತೆ ಲೆಕ್ಕ

ಇಲ್ಲಿ ಮುಖ್ಯವಾದ ಪದ ಫ್ಲಕ್ಸ್. ಒಂದು ಚದರ ಮೀಟರ್ ಮೆಂಬ್ರೇನ್ ಗಂಟೆಗೆ ಎಷ್ಟು ಲೀಟರ್ ನೀರು ಬಿಡುತ್ತದೆ ಅನ್ನುವುದು. ಮಾರುವವರು ಶುದ್ಧ ನೀರಿನ ಫ್ಲಕ್ಸ್ ತೋರಿಸುತ್ತಾರೆ. ಅದು ನಿಮ್ಮ ನೀರಿಗೆ ಅನ್ವಯಿಸುವುದಿಲ್ಲ. ಸಾಧ್ಯವಿದ್ದರೆ ನಿಮ್ಮದೇ ನೀರಿನಲ್ಲಿ ಎರಡು-ಮೂರು ತಿಂಗಳು ಪೈಲಟ್ ನಡೆಸಿ. ಫ್ಲಕ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋಗಿ. ಒಂದು ಹಂತದವರೆಗೆ ಒತ್ತಡ ಏರಿ ಅಲ್ಲೇ ನಿಲ್ಲುತ್ತದೆ. ಅದು ದಾಟಿದರೆ ಫ್ಲಕ್ಸ್ ಅಷ್ಟೇ ಇದ್ದರೂ ಒತ್ತಡ ಏರುತ್ತಲೇ ಇರುತ್ತದೆ. ಅದೇ ಕ್ರಿಟಿಕಲ್ ಫ್ಲಕ್ಸ್. ವಿನ್ಯಾಸ ಅದಕ್ಕಿಂತ ಕೆಳಗಿರಲಿ.

ಅದೇ 200 ಘನ ಮೀಟರ್ ಉದಾಹರಣೆ ಮುಂದುವರಿಸೋಣ. ಡಿಎಎಫ್ ಸ್ವಲ್ಪ ಕೊಳೆ ತೆಗೆದರೂ ಸುರಕ್ಷತೆಗೆ 300 ಕಿಲೋ ಬಿಓಡಿಯನ್ನೇ ಇಟ್ಟುಕೊಳ್ಳುತ್ತೇನೆ. 1 ಕಿಲೋ ಸ್ಲಡ್ಜ್‌ಗೆ ದಿನಕ್ಕೆ 0.1 ಕಿಲೋ ಬಿಓಡಿ ಕೊಟ್ಟರೆ 3,000 ಕಿಲೋ ಸ್ಲಡ್ಜ್ ಬೇಕು. ಎಂಬಿಆರ್‌ನಲ್ಲಿ ಸ್ಲಡ್ಜ್ ಲೀಟರಿಗೆ 10 ಗ್ರಾಂ ಇಡಬಹುದು. ಟ್ಯಾಂಕ್ 300 ಘನ ಮೀಟರ್ ಆಯಿತು, ಅಂದರೆ ನೀರು ಒಳಗೆ 36 ಗಂಟೆ ಇರುತ್ತದೆ. ಸ್ಲಡ್ಜ್ 12 ಗ್ರಾಂ ದಾಟಿದರೆ ಗಾಳಿಯ ಆಮ್ಲಜನಕ ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಬ್ಲೋವರ್ ಬಿಲ್ ಏರುತ್ತದೆ. 15 ಗ್ರಾಂನಲ್ಲಿ ನಡೆಸಿ ಟ್ಯಾಂಕ್ ಚಿಕ್ಕದು ಮಾಡೋಣ ಅನ್ನುವ ಆಸೆ ಬೇಡ.

ಮೆಂಬ್ರೇನ್: ಗಂಟೆಗೆ ಸರಾಸರಿ 8,330 ಲೀಟರ್. ಮುಳುಗಿಸಿದ ಎಂಬಿಆರ್‌ನಲ್ಲಿ ಫ್ಲಕ್ಸ್ ಸಾಮಾನ್ಯವಾಗಿ 10ರಿಂದ 25. ಡೇರಿಗೆ ನಾನು 12 ಹಿಡಿಯುತ್ತೇನೆ. ಸುಮಾರು 695 ಚದರ ಮೀಟರ್ ಬಂತು. ಇದನ್ನು ಕನಿಷ್ಠ ಎರಡು ಭಾಗ ಮಾಡಿ. ಒಂದನ್ನು ತೊಳೆಯುವಾಗ ಇನ್ನೊಂದು ನಡೆಯಬೇಕು, ಅದಕ್ಕೆ ಸ್ವಲ್ಪ ಹೆಚ್ಚುವರಿ ಜಾಗವೂ ಇರಲಿ. ನೀರು ತಣ್ಣಗಾದರೆ ಫ್ಲಕ್ಸ್ ಡಿಗ್ರಿಗೆ ಶೇಕಡಾ 2-3ರಷ್ಟು ಇಳಿಯುತ್ತದೆ. ಚಳಿಗಾಲದ ತಾಪಮಾನದಲ್ಲೇ ಲೆಕ್ಕ ಹಾಕಿ.

ಆರ್‌ಓ: ಶೇಕಡಾ 75 ರಿಕವರಿ ಅಂದರೆ 150 ಘನ ಮೀಟರ್ ಒಳ್ಳೆಯ ನೀರು, 50 ರಿಜೆಕ್ಟ್, ಅಂದರೆ ಗಟ್ಟಿ ನೀರು. ದಿನಕ್ಕೆ 20 ಗಂಟೆ ನಡೆಸಿದರೆ ಗಂಟೆಗೆ 7,500 ಲೀಟರ್. 8 ಇಂಚಿನ ಒಂದು ಎಲಿಮೆಂಟ್ (ಸುರುಳಿ ಸುತ್ತಿದ ಮೆಂಬ್ರೇನ್) ಸುಮಾರು 37 ಚದರ ಮೀಟರ್. ಮೊದಲ ಸಾಲಿಗೆ ಎರಡು ವೆಸಲ್ (ಎಲಿಮೆಂಟ್ ಕೂರಿಸುವ ಒತ್ತಡದ ಕೊಳವೆ), ಎರಡನೆಯದಕ್ಕೆ ಒಂದು, ಪ್ರತಿಯೊಂದರಲ್ಲಿ 6 ಎಲಿಮೆಂಟ್. ಒಟ್ಟು 18, ಫ್ಲಕ್ಸ್ 11ರ ಹತ್ತಿರ. ಆರಾಮವಾಗಿ ನಡೆಯುತ್ತದೆ.

ಹಂತ 6: ಎಂಬಿಆರ್ ಶುರು ಮಾಡುವುದು

ಸ್ಲಡ್ಜ್ ಹಾಕುವ ಮುಂಚೆ ಶುದ್ಧ ನೀರಿನಲ್ಲಿ ಒಮ್ಮೆ ನಡೆಸಿ. ಗಾಳಿಗುಳ್ಳೆ ಎಲ್ಲ ಮಾಡ್ಯೂಲ್ ಕೆಳಗೂ ಸಮನಾಗಿ ಬರುತ್ತಿದೆಯಾ ಅಂತ ಕಣ್ಣಾರೆ ನೋಡಲು ಸಿಗುವ ಅವಕಾಶ ಇದೊಂದೇ. ಶುದ್ಧ ನೀರಿನ ಫ್ಲಕ್ಸ್, ಒತ್ತಡ, ತಾಪಮಾನ ಬರೆದಿಡಿ. ಮುಂದೆ ಪ್ರತಿ ದೊಡ್ಡ ಕ್ಲೀನಿಂಗ್ ಆದ ಮೇಲೂ ಇದರ ಜೊತೆ ಹೋಲಿಸಬೇಕು.

ಬೀಜದ ಸ್ಲಡ್ಜ್ ಇನ್ನೊಂದು ಡೇರಿ ಇಟಿಪಿಯದಾದರೆ ಒಳ್ಳೆಯದು. ಅದನ್ನೂ ಜರಡಿ ಹಿಡಿದೇ ಹಾಕಿ. ಮೊದಲ ವಾರಗಳಲ್ಲಿ ನೊರೆ ಉಕ್ಕುತ್ತದೆ. ಗಾಬರಿಯಾಗಿ ಸಿಲಿಕೋನ್ ನೊರೆನಾಶಕ ಸುರಿಯಬೇಡಿ. ನೀರು ಸಿಂಪಡಿಸಿ, ಲೋಡ್ ನಿಧಾನವಾಗಿ ಏರಿಸಿ. ಸ್ಲಡ್ಜ್ 5 ಗ್ರಾಂಗಿಂತ ಕಡಿಮೆ ಇರುವಷ್ಟು ದಿನ ಫ್ಲಕ್ಸ್ ಅರ್ಧದಷ್ಟೇ ಇರಲಿ. ತೆಳ್ಳಗಿನ ಸ್ಲಡ್ಜ್‌ನಲ್ಲಿ ತಿನ್ನದೆ ಉಳಿದ ಕಲಿಲ ಕಣಗಳು ಸೀದಾ ರಂಧ್ರಕ್ಕೆ ಹೋಗಿ ಕೂರುತ್ತವೆ.

ದಿನನಿತ್ಯದ ಓಟ ಸರಳ: 9 ನಿಮಿಷ ನೀರು ಎಳೆ, 1 ನಿಮಿಷ ಬಿಡು, ಗಾಳಿ ಮಾತ್ರ ನಡೆಯುತ್ತಿರಲಿ. ಆ ಒಂದು ನಿಮಿಷದಲ್ಲಿ ಮೇಲೆ ಕೂತ ಪದರ ಉದುರುತ್ತದೆ. ಉತ್ಪಾದನೆ ಸಾಲುತ್ತಿಲ್ಲ ಅಂತ ಈ ನಿಮಿಷ ಕತ್ತರಿಸುವವರಿದ್ದಾರೆ. ವಾರದೊಳಗೆ ಅದರ ಬೆಲೆ ಒತ್ತಡದ ಗೇಜ್‌ನಲ್ಲಿ ಕಾಣುತ್ತದೆ.

ಹಂತ 7: ಆರ್‌ಓ ನಡೆಸುವುದು

ಎಂಬಿಆರ್ ನೀರು ತಿಳಿ ಇದ್ದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಇರುತ್ತವೆ. ಎರಡೂ ಹಾಲಿನಿಂದ ಬಂದವು. ಫಾಸ್ಫಾರಿಕ್ ಆಸಿಡ್‌ನಿಂದ ತೊಳೆಯುವ ಕಡೆ ಫಾಸ್ಫೇಟ್ ಇನ್ನೂ ಜಾಸ್ತಿ. ಶೇಕಡಾ 75 ರಿಕವರಿಯಲ್ಲಿ ಉಪ್ಪು ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ಆಗ ಕ್ಯಾಲ್ಸಿಯಂ ಫಾಸ್ಫೇಟ್ ಕೊನೆಯ ಎಲಿಮೆಂಟ್‌ಗಳಲ್ಲಿ ಕಲ್ಲಿನಂತೆ ಕೂರುತ್ತದೆ. ಪಿಎಚ್, ತಾಪಮಾನ ಎರಡೂ ಏರಿದಷ್ಟು ಇದು ಬೇಗ. ಆಂಟಿಸ್ಕೇಲೆಂಟ್ (ಇಂಥ ಕಲ್ಲು, ಅಂದರೆ ಸ್ಕೇಲ್, ಕೂರದಂತೆ ತಡೆಯುವ ಕೆಮಿಕಲ್) ಇದರ ಮೇಲೆ ಅಷ್ಟೊಂದು ಕೆಲಸ ಮಾಡುವುದಿಲ್ಲ. ಆಸಿಡ್ ಹಾಕಿ ಪಿಎಚ್ 6ರ ಸುತ್ತ ಇಡುವುದು, ಇಲ್ಲವೇ ಮೊದಲೇ ಫೆರಿಕ್ ಕ್ಲೋರೈಡ್‌ನಿಂದ ರಂಜಕ ತೆಗೆಯುವುದು ಉತ್ತಮ. ಆದರೆ ಪಿಎಚ್ ಸುಮ್ನೆ 4ಕ್ಕೆ ಇಳಿಸಬೇಡಿ. ನೀರಿನಲ್ಲಿ ಉಳಿದ ಲ್ಯಾಕ್ಟಿಕ್ ಆಸಿಡ್‌ನ ಒಂದು ಪಾಲು ಆಗ ಅಯಾನಾಗದೆ ಮೆಂಬ್ರೇನ್ ದಾಟಿ ಹೋಗುತ್ತದೆ. ಅಂದಹಾಗೆ ಯೂರಿಯಾ ಯಾವ ಪಿಎಚ್‌ನಲ್ಲೂ ಒಂದಷ್ಟು ದಾಟುತ್ತದೆ, ಅಣು ಅಷ್ಟು ಚಿಕ್ಕದು.

ಆರ್‌ಓಗೆ ಮೊದಲು 5 ಮೈಕ್ರಾನ್ ಕಾರ್ಟ್ರಿಜ್ ಫಿಲ್ಟರ್ ಇರಲಿ. ನೀರಿನ ಎಸ್‌ಡಿಐ (ಅದು ಫಿಲ್ಟರನ್ನು ಎಷ್ಟು ಬೇಗ ಕಟ್ಟಿಸುತ್ತದೆ ಅನ್ನುವ ಅಳತೆ) 5ರ ಕೆಳಗಿರಬೇಕು, 3 ಇದ್ದರೆ ಒಳ್ಳೆಯದು. ಎಂಬಿಆರ್ ತೊಳೆಯಲು ಬಳಸಿದ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಆರ್‌ಓಗೆ ನುಸುಳದಂತೆ ಕ್ಲೀನಿಂಗ್ ಆದ ಮೇಲಿನ ಮೊದಲ ನೀರನ್ನು ವಾಪಸ್ ಕಳಿಸಿ. ಲೈನಿನಲ್ಲಿ ಕ್ಲೋರಿನ್ ಮೀಟರ್ ಇಟ್ಟು, ಅದು ಎದ್ದರೆ ಪಂಪ್ ತಾನಾಗಿ ನಿಲ್ಲುವಂತೆ ಮಾಡಿ.

ಹಂತ 8: ಫೌಲಿಂಗ್ ಗುರುತಿಸಿ, ಸರಿಯಾದ ಕ್ರಮದಲ್ಲಿ ತೊಳೆಯಿರಿ

ಮೆಂಬ್ರೇನ್ ಕಟ್ಟಿಕೊಳ್ಳುವುದನ್ನು ತಡೆಯಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ. ಏನು ಕಟ್ಟಿದೆ ಅಂತ ಗುರುತಿಸಲು ಲಾಗ್ ಪುಸ್ತಕ ಸಾಕು. ಆರ್‌ಓದಲ್ಲಿ ಮೊದಲ ಸಾಲಿನ ಒತ್ತಡದ ಇಳಿತ ಹೆಚ್ಚಾದರೆ ಅದು ಜೈವಿಕ ಲೋಳೆ ಅಥವಾ ಕಣ. ಕೊನೆಯ ಸಾಲಿನಲ್ಲಿ ನೀರು ಕಡಿಮೆಯಾಗಿ ಉಪ್ಪು ಜಾಸ್ತಿ ದಾಟಲು ಶುರುವಾದರೆ ಅದು ಸ್ಕೇಲ್. ತಾಪಮಾನಕ್ಕೆ ಸರಿಹೊಂದಿಸಿ ನೋಡಿದ ಮೇಲೂ ಹರಿವು ಶೇಕಡಾ 10-15 ಕುಸಿದರೆ ತೊಳೆಯಿರಿ. ಇನ್ನೂ ನಡೀತಿದೆಯಲ್ಲಾ ಅಂತ ಮುಂದೂಡಿದಷ್ಟೂ ಪದರ ಗಟ್ಟಿಯಾಗುತ್ತದೆ.

ಕ್ರಮ ಮುಖ್ಯ. ಡೇರಿ ನೀರಿಗೆ ಮೊದಲು ಕ್ಷಾರ, ಆಮೇಲೆ ಆಸಿಡ್. ಆಸಿಡ್ ಮೊದಲು ಹಾಕಿದರೆ ಮೆಂಬ್ರೇನ್ ಮೇಲಿರುವ ಪ್ರೋಟೀನ್ ಅಲ್ಲೇ ಒಡೆದು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಕಾಸ್ಟಿಕ್ ಕೂಡ ಅದರೊಳಗೆ ಇಳಿಯುವುದಿಲ್ಲ. ಬರೀ ಸುಣ್ಣದ ಸ್ಕೇಲ್ ಅಂತ ಖಚಿತವಿದ್ದರೆ ಮಾತ್ರ ಆಸಿಡ್ ಮೊದಲು.

ಆರ್‌ಓ ತೊಳೆಯುವ ಬಗೆ ಹೀಗೆ. ಮೊದಲು ಪರ್ಮಿಯೇಟ್ ನೀರಿನಿಂದ, ಅಂದರೆ ಮೆಂಬ್ರೇನ್ ದಾಟಿ ಬಂದ ತಿಳಿನೀರಿನಿಂದ, ತೊಳೆಯಿರಿ. ಕಾಸ್ಟಿಕ್ ದ್ರಾವಣವನ್ನೂ ಪರ್ಮಿಯೇಟ್‌ನಲ್ಲೇ ಮಾಡಿ. ಗಡಸು ನೀರಿನಲ್ಲಿ ಮಾಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂತು, ತೊಳೆಯಲು ಹೋಗಿ ಹೊಸ ಸ್ಕೇಲ್ ತಂದಂತಾಗುತ್ತದೆ. ಪಿಎಚ್ 12, ತಾಪಮಾನ 35 ಡಿಗ್ರಿ. ಸಾಮಾನ್ಯ ಆರ್‌ಓ ಎಲಿಮೆಂಟ್‌ಗೆ ಇದು ಮೇಲ್ಮಿತಿ, ನಿಮ್ಮ ಎಲಿಮೆಂಟ್‌ನ ಕೈಪಿಡಿ ನೋಡಿ. ಕಡಿಮೆ ಒತ್ತಡದಲ್ಲಿ ಅರ್ಧದಿಂದ ಒಂದು ಗಂಟೆ ಸುತ್ತಿಸಿ. ಮೊದಲು ವಾಪಸ್ ಬರುವ ಕಂದು ನೀರನ್ನು ಚೆಲ್ಲಿಬಿಡಿ, ಅದನ್ನೇ ಮತ್ತೆ ಸುತ್ತಿಸಬೇಡಿ. ಆಮೇಲೆ ಕೆಲವು ಗಂಟೆ ನೆನೆಸಿ, ಮತ್ತೆ ಜೋರು ಹರಿವಿನಲ್ಲಿ ಸುತ್ತಿಸಿ, ಚೆನ್ನಾಗಿ ತೊಳೆಯಿರಿ. ನಂತರ ಶೇಕಡಾ 2 ಸಿಟ್ರಿಕ್ ಆಸಿಡ್‌ನಿಂದ ಇದೇ ಕ್ರಮ.

ಹಾಲಿನ ಕೊಬ್ಬು ಪೂರ್ತಿ ಕರಗಲು 37-40 ಡಿಗ್ರಿ ಬೇಕು. ಬಲವಾದ ಕ್ಷಾರದಲ್ಲಿ ಆರ್‌ಓ ಅಷ್ಟು ಬಿಸಿ ತಡೆಯುವುದಿಲ್ಲ. ಡಿಟರ್ಜೆಂಟ್ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಜಿಡ್ಡನ್ನು ಆರ್‌ಓವರೆಗೆ ಬಿಡಲೇಬಾರದು ಅನ್ನುವುದು ಇದಕ್ಕೇ.

ಎಂಬಿಆರ್‌ಗೆ ವಾರಕ್ಕೊಮ್ಮೆ 300ರಿಂದ 500 ಪಿಪಿಎಂ ಹೈಪೋಕ್ಲೋರೈಟ್ ಹಿಮ್ಮುಖವಾಗಿ ಹಾಯಿಸುವ ಸಣ್ಣ ಕ್ಲೀನಿಂಗ್. ವರ್ಷಕ್ಕೆ ಒಂದೆರಡು ಸಲ 1,000 ಪಿಪಿಎಂ ಅಥವಾ ಹೆಚ್ಚಿನ ದ್ರಾವಣದಲ್ಲಿ ನೆನೆಸುವ ದೊಡ್ಡ ಕ್ಲೀನಿಂಗ್, ಬೇರೆಯಾಗಿ ಸಿಟ್ರಿಕ್ ಆಸಿಡ್. ಹೈಪೋಕ್ಲೋರೈಟ್ ಮತ್ತು ಆಸಿಡ್ ಯಾವ ಕಾರಣಕ್ಕೂ ಸೇರಬಾರದು. ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಜೀವಕ್ಕೇ ಅಪಾಯ. ಎರಡರ ನಡುವೆ ಟ್ಯಾಂಕ್, ಪೈಪ್, ಪಂಪ್ ಎಲ್ಲ ನೀರಿನಿಂದ ತೊಳೆದೇ ಮುಂದುವರಿಯಿರಿ. ಡ್ರಮ್‌ಗಳನ್ನೂ ಅಕ್ಕಪಕ್ಕ ಇಡಬೇಡಿ.

ಹಂತ 9: ತೂತು ಬಿದ್ದಿದೆಯಾ?

ಎಂಬಿಆರ್ ನೀರಿನ ಟರ್ಬಿಡಿಟಿ ಸಾಮಾನ್ಯವಾಗಿ 0.5 ಎನ್‌ಟಿಯು ಕೆಳಗಿರುತ್ತದೆ. ಒಂದೇ ಸಲ ಏರಿದರೆ ಫೈಬರ್ ತುಂಡಾಗಿದೆ ಅಂತಲೇ ತಿಳಿಯಿರಿ. ಆರ್‌ಓದಲ್ಲಿ ಕಂಡಕ್ಟಿವಿಟಿ (ನೀರಿನಲ್ಲಿರುವ ಉಪ್ಪಿನ ಸೂಚಕ) ಏರಿದರೆ ಮೊದಲು ಪ್ರತಿ ವೆಸಲ್‌ನ ಪರ್ಮಿಯೇಟ್ ಬೇರೆ ಬೇರೆ ಅಳೆಯಿರಿ. ಯಾವುದು ಅಂತ ಗೊತ್ತಾದ ಮೇಲೆ, ತೆಳು ಪ್ಲಾಸ್ಟಿಕ್ ಕೊಳವೆಯನ್ನು ಪರ್ಮಿಯೇಟ್ ಟ್ಯೂಬಿನೊಳಗೆ ತೂರಿಸಿ, ಒಂದೊಂದು ಎಲಿಮೆಂಟ್ ದೂರಕ್ಕೂ ನಿಲ್ಲಿಸಿ ನೀರು ಹಿಡಿದು ಅಳೆಯಿರಿ. ಎರಡು ಎಲಿಮೆಂಟ್ ಸೇರುವ ಜಾಗದಲ್ಲಿ ಸಂಖ್ಯೆ ಜಿಗಿದರೆ ತಪ್ಪು ಮೆಂಬ್ರೇನಿನದಲ್ಲ, ಅಲ್ಲಿನ ಓ-ರಿಂಗಿನದು. ಒಂದು ರಬ್ಬರ್ ಉಂಗುರಕ್ಕಾಗಿ ಇಡೀ ಎಲಿಮೆಂಟ್ ಎಸೆಯುವುದು ತಪ್ಪುತ್ತದೆ.

ಹಂತ 10: ಆ ಇನ್ನೊಂದು ನೀರು

ಹಾಲಿನ ಅಂಶದ ಗಟ್ಟಿ ನೀರು ಮತ್ತು ಉಪ್ಪಿನ ಗಟ್ಟಿ ನೀರು ಎರಡನ್ನೂ ಎಂದೂ ಬೆರೆಸಬೇಡಿ. ಮೊದಲನೆಯದು ಬಯೋಗ್ಯಾಸಿಗೆ ಹೋಗಬಹುದು. 1 ಕಿಲೋ ಸಿಓಡಿ ಜೀರ್ಣವಾದರೆ ಸುಮಾರು 0.35 ಘನ ಮೀಟರ್ ಮೀಥೇನ್ ಸಿಗುತ್ತದೆ. ಡಿಎಎಫ್ ಕೆನೆಯನ್ನೂ ಕೊಡಬಹುದು, ಸ್ವಲ್ಪ ಸ್ವಲ್ಪವಾಗಿ. ಒಮ್ಮೆಲೇ ಸುರಿದರೆ ಕೊಬ್ಬಿನಾಮ್ಲಗಳು ಬ್ಯಾಕ್ಟೀರಿಯಾವನ್ನು ತಡೆದು ಡೈಜೆಸ್ಟರ್ ಮಲಗಿಬಿಡುತ್ತದೆ.

ಆರ್‌ಓ ರಿಜೆಕ್ಟ್ ಕಷ್ಟದ್ದು. ಅದರಲ್ಲಿ ಕಾಸ್ಟಿಕ್‌ನಿಂದ ಬಂದ ಸೋಡಿಯಂ ತುಂಬಿದೆ. ಗಿಡಕ್ಕೆ ಬಿಡೋಣ ಅನ್ನಿಸುತ್ತದೆ. ಆದರೆ ಸೋಡಿಯಂ ಕೂಡುತ್ತಾ ಹೋದರೆ ಜೇಡಿ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಮಣ್ಣು ಗಟ್ಟಿಯಾಗಿ, ನೀರು ಇಂಗುವುದೇ ನಿಲ್ಲುತ್ತದೆ. ಉಳಿದದ್ದು ಇವಾಪೊರೇಟರ್, ಅದಕ್ಕೆ ಶಕ್ತಿ ಬಹಳ ಬೇಕು. ಹಾಗಾಗಿ ರಿಜೆಕ್ಟ್ ಕಡಿಮೆ ಮಾಡುವ ಅಗ್ಗದ ದಾರಿ ಸಿಐಪಿ ಕೋಣೆಯಲ್ಲೇ ಇದೆ: ಕಾಸ್ಟಿಕ್ ಕಡಿಮೆ ಬಳಸುವುದು, ಬಳಸಿದ್ದನ್ನು ಮತ್ತೆ ಬಳಸುವುದು. ಕೆಲವು ಕಡೆ ಕಾಸ್ಟಿಕ್ ಸೋಡಾ ಬದಲು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ಬೆಲೆ ಹೆಚ್ಚು, ಆದರೆ ಮಣ್ಣಿಗೆ ಅಷ್ಟು ಹಾನಿಯಿಲ್ಲ.

ಒಳ್ಳೆಯ ನೀರು ಕೂಲಿಂಗ್ ಟವರ್, ಬಾಯ್ಲರ್, ನೆಲ ತೊಳೆಯಲು ಸಲೀಸಾಗಿ ಹೋಗುತ್ತದೆ. ಹಾಲು ತಾಗುವ ಜಾಗಕ್ಕೆ ಬಳಸಬೇಕಾದರೆ ಆಹಾರ ಸುರಕ್ಷತೆಯ ನಿಯಮ, ಯುವಿ ಅಥವಾ ಕ್ಲೋರಿನ್, ಸೂಕ್ಷ್ಮಾಣು ಪರೀಕ್ಷೆ ಎಲ್ಲ ಬೇಕು. ಆರ್‌ಓ ನೀರು ಅಂದ ಮಾತ್ರಕ್ಕೆ ಸೂಕ್ಷ್ಮಾಣು ಇಲ್ಲ ಅಂತಲ್ಲ. ಮರುಬಳಕೆಯ ಪೈಪಿಗೆ ಬೇರೆ ಬಣ್ಣ ಕೊಡಿ, ಕುಡಿಯುವ ನೀರಿನ ಲೈನಿಗೆ ಎಲ್ಲೂ ಜೋಡಿಸಬೇಡಿ. ಈ ನೀರಿನಲ್ಲಿ ಕ್ಷಾರೀಯತೆ ಇಲ್ಲದ ಕಾರಣ ಸಾದಾ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಅಥವಾ ಪ್ಲಾಸ್ಟಿಕ್ ಹಾಕಿ.

ಪ್ಲಾಂಟ್ ಕೆಲವು ದಿನ ನಿಲ್ಲಿಸಬೇಕಾದರೆ ಆರ್‌ಓ ತೊಳೆದು, ಶೇಕಡಾ 1 ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಸಿ ವಾಲ್ವ್ ಮುಚ್ಚಿ. ಆಗಾಗ ಪಿಎಚ್ ನೋಡಿ. 3ಕ್ಕೆ ಇಳಿದರೆ ದ್ರಾವಣ ಬದಲಿಸಿ. ಎಂಬಿಆರ್ ಮೆಂಬ್ರೇನ್ ನೀರಿನಲ್ಲೇ ಮುಳುಗಿರಲಿ, ಗಾಳಿ ಆಗಾಗ ಬರಲಿ, ಬ್ಯಾಕ್ಟೀರಿಯಾಗೆ ಒಂದಿಷ್ಟು ಹಾಲಿನ ನೀರೂ ಹೋಗಲಿ. ಮತ್ತೆ ಶುರು ಮಾಡಿದ ದಿನ ಆರ್‌ಓದ ಮೊದಲ ಒಂದು ಗಂಟೆಯ ನೀರನ್ನು ಬಳಸದೆ ಬಿಟ್ಟುಬಿಡಿ.